ಒತ್ತಕ್ಷರವಿಲ್ಲದ ಮಾತು

ನಾನು ಒಂದು ಪಾಟಿ. ಪೇಟೆಯ ಜನ ಸ್ಲೇಟು ಎನ್ನುತ್ತಾರೆ. ಮಾರ್ಕಾಪುರದ ನೆಲದಡಿಯಲ್ಲಿ ಎಷ್ಟೋ ಕಾಲ ಕಪ್ಪು ಕಲ್ಲಾಗಿ ಮಲಗಿದ್ದ ನನ್ನನ್ನು ಉಳಿ ಹಾಕಿ ಎಬ್ಬಿಸಿದರು. ಹಾಳೆ ಹಾಳೆಯಾಗಿ ಸೀಳಿ, ಮರಳು ಮತ್ತು ನೀರು ಹಾಕಿ ಉಜ್ಜಿ, ನಾಲ್ಕು ಕಡೆ ಮರದ ಚೌಕಟ್ಟು ಕೂರಿಸಿದರು. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ರೈಲು ಹತ್ತಿ, ಎತ್ತಿನ ಗಾಡಿ ಹತ್ತಿ ನಾನು ಮಾಳಗುಂದಕ್ಕೆ ಬಂದೆ.

ಮಾಳಗುಂದ ಕುಪ್ಪಸದ ಖಣ ನೇಯುವ ಊರು. ಓಣಿ ಓಣಿಯಲ್ಲೂ ಮಗ್ಗದ ಸದ್ದು. ಊರಿನ ಪಡುವಣ ಅಂಚಿನಲ್ಲಿ ಕಲ್ಲಿನ ಒಂದು ಚರ್ಚು, ಅದರ ಮಗ್ಗುಲಲ್ಲೇ ಮಿಶನ್ ಶಾಲೆ. ಪಾಟಿ ಕೊಳ್ಳಲಾಗದ ಮಕ್ಕಳಿಗೆ ಕೊಡಲೆಂದು ಶಾಲೆಯವರು ನಮ್ಮನ್ನು ಎರಡು ಡಜನ್ ತರಿಸಿದ್ದರು. ನನ್ನನ್ನು ಕೊಟ್ಟದ್ದು ನೇಕಾರ ದಾನಿಯೇಲಪ್ಪನ ಎರಡನೇ ಮಗಳು ಸಾರವ್ವನಿಗೆ. ಅವಳಿಗೆ ಆಗ ಎಂಟು ವರ್ಷ.

ಸಾರವ್ವ ಉಗ್ಗುತ್ತಿದ್ದಳು. ತನ್ನ ಹೆಸರು ಹೇಳಬೇಕಾದರೂ ಅವಳ ತುಟಿ ನಾಲ್ಕು ಸಲ ಬಡಿದುಕೊಳ್ಳುತ್ತಿತ್ತು. ಆದರೆ ನನ್ನ ಮೇಲೆ ಅವಳ ಬಳಪ ಎಂದೂ ತಡವರಿಸಿದ್ದಿಲ್ಲ. ಅಕ್ಷರಗಳನ್ನು ಗುಂಡಗೆ, ಮಣಿ ಪೋಣಿಸಿದ ಹಾಗೆ ಬರೆಯುತ್ತಿದ್ದಳು. ಎರಡನೇ ಇಯತ್ತೆ, ಅಂದರೆ ಎರಡನೇ ತರಗತಿ. ಕಾಗುಣಿತ ಮುಗಿಯುತ್ತಾ ಬಂದಿತ್ತು, ಒತ್ತಕ್ಷರ ಇನ್ನೂ ಶುರುವಾಗಿರಲಿಲ್ಲ.

ಆ ವರ್ಷ ಶಾಲೆಗೆ ಹೊಸ ಅಕ್ಕೋರು ಬಂದಿದ್ದರು, ಪ್ರಿಸ್ಕಿಲ್ಲಾ ಅಕ್ಕೋರು. ವಯಸ್ಸು ಇಪ್ಪತ್ತಾರು. ಅವರ ದನಿ ಹೇಗಿತ್ತೆಂದರೆ, ಅವರು ಪ್ರಾರ್ಥನೆಗೆ ಬಾಯಿ ತೆರೆದರೆ ಹೊರಗೆ ಸೈಕಲ್ ಮೇಲೆ ಹೋಗುವವರು ಕಾಲು ಊರಿ ನಿಲ್ಲುತ್ತಿದ್ದರು. ಭಾನುವಾರ ಶಾಲೆಯ ವಾರ್ಷಿಕೋತ್ಸವವನ್ನು ಅವರ ಕೈಗೆ ಕೊಟ್ಟರು. ಧಾರವಾಡದಿಂದ ಪಾದ್ರಿಗಳ ಹಿರಿಯರಾದ ದೊಡ್ಡ ಅಯ್ಯನವರು ಬರುವವರಿದ್ದರು. ಸಾಲಾಗಿ ನಿಂತ ಮಕ್ಕಳು ಒಬ್ಬೊಬ್ಬರಾಗಿ ಪಾಟಿ ಎತ್ತಿ ಒಂದೊಂದು ಅಕ್ಷರ ತೋರಿಸಬೇಕು, ಆ ಅಕ್ಷರದಿಂದ ಶುರುವಾಗುವ ಬೈಬಲ್ಲಿನ ಒಂದು ವೇದವಾಕ್ಯವನ್ನು ಬಾಯಿಪಾಠ ಹೇಳಬೇಕು. ಸಾರವ್ವನಿಗೆ ಬಂದದ್ದು ಕ.

ಹದಿನೈದು ದಿನ ಅವಳು ಆ ವಾಕ್ಯವನ್ನು ಮಗ್ಗದ ಕುಣಿಯ ಹತ್ತಿರ ಕುಳಿತು ಹೇಳಿಕೊಂಡಳು. ಮಗ್ಗದ ಲಾಳಿಯ ತಾಳಕ್ಕೆ ಹೇಳಿದರೆ ಉಗ್ಗು ಬರುತ್ತಿರಲಿಲ್ಲ. ಅದನ್ನು ಅವಳೇ ಕಂಡುಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ.

ಆ ದಿನ ಚರ್ಚು ತುಂಬಿತ್ತು. ಸಾರವ್ವ ನನ್ನನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು. ಅಲ್ಲಿ ಲಾಳಿಯ ಸದ್ದಿರಲಿಲ್ಲ. ಅವಳ ಬಾಯಿಂದ ‘ಕ’ ಹೊರಟಿತು, ಮತ್ತೆ ‘ಕ’, ಮತ್ತೆ ‘ಕ’. ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಹುಡುಗರ ಸಾಲು ನಕ್ಕಿತು. ದೊಡ್ಡ ಅಯ್ಯನವರು ಕನ್ನಡಕ ತೆಗೆದು ಒರೆಸತೊಡಗಿದರು. ಅಕ್ಕೋರು ಬೇಗ ಬೇಗ ನಡೆದು ಬಂದರು. ಮುಖದ ಮೇಲೆ ಅತಿಥಿಗಳಿಗಾಗಿ ಒಂದು ನಗೆ ಇತ್ತು. ನನ್ನನ್ನು ಅವಳ ಕೈಯಿಂದ ಬಿಡಿಸಿಕೊಂಡು, ಮೆಲ್ಲಗೆ, ಅವಳಿಗೆ ಮಾತ್ರ ಕೇಳುವಂತೆ ಅಂದರು:

“ಕುಂದ್ರು. ಬಾಯಿ ಇಲ್ಲದಾಕಿಗೆ ದೇವರ ಮಾತ್ಯಾಕ ಬೇಕು?”

ನನ್ನನ್ನು ಪಕ್ಕದ ಹುಡುಗಿಯ ಕೈಗೆ ಕೊಟ್ಟರು. ಅವಳು ಆ ವಾಕ್ಯವನ್ನು ಒಂದೇ ಉಸಿರಿಗೆ ಹೇಳಿದಳು. ಜನ ಚಪ್ಪಾಳೆ ಹೊಡೆದರು. ಆ ಮಾತು ಆಡಿದ್ದನ್ನು ಅಕ್ಕೋರು ಬಾಗಿಲು ದಾಟುವುದರೊಳಗೆ ಮರೆತರು ಎಂದು ನಾನು ಬಲ್ಲೆ. ಕಾರ್ಯಕ್ರಮ ಚೆನ್ನಾಗಿ ಆಯಿತೆಂದು ಅವರು ಅಂದು ಸಂಜೆ ಹಾಡು ಗುನುಗುತ್ತಲೇ ನಮ್ಮನ್ನೆಲ್ಲ ಎಣಿಸಿ ಕಪಾಟಿಗೆ ಇಟ್ಟರು.

ಮರುದಿನ ಸಾರವ್ವ ಶಾಲೆಗೆ ಬರಲಿಲ್ಲ. ಮರುವಾರವೂ ಬರಲಿಲ್ಲ. ಮನೆಯಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತಲು ಒಂದು ಕೈ ಬೇಕಾಗಿತ್ತು. ಅವಳಪ್ಪನೂ ಒತ್ತಾಯ ಮಾಡಲಿಲ್ಲ.

ಆಮೇಲೆ ನಾನು ಯಾರ ಯಾರದೋ ಮಡಿಲಲ್ಲಿ ಸವೆದೆ. ನೋಟುಬುಕ್ಕು ಬಂದು ಪಾಟಿಗಳ ಕಾಲ ಮುಗಿದಾಗ ನನ್ನ ಜೊತೆಯವರು ಒಡೆದು ಹೋದರು. ನಾನೊಂದೇ ಗಟ್ಟಿ ಉಳಿದಿದ್ದೆ. ಅಕ್ಕೋರು ನನ್ನನ್ನು ಮನೆಗೆ ಒಯ್ದು ನಡುಮನೆಯ ಗೋಡೆಗೆ ತೂಗುಹಾಕಿದರು. ವಾರಕ್ಕೊಂದು ವಾಕ್ಯ ಬರೆಯುತ್ತಿದ್ದರು.

ಆ ಗೋಡೆಯ ಮೇಲಿನಿಂದ ನಾನು ಮೂವತ್ತು ವರ್ಷ ಅಕ್ಕೋರ ಮಾತು ಕೇಳಿದೆ. ಸುಳ್ಳು ಯಾಕೆ ಹೇಳಲಿ, ಅಂಥ ಮಾತು ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಬಿದ್ದವರು, ಕೆಲಸ ಹೋದವರು, ಗಂಡ ಬಿಟ್ಟವರು ಎಲ್ಲ ಅವರ ಜಗಲಿಗೆ ಬರುತ್ತಿದ್ದರು. ಒಮ್ಮೆ, ಹೆರಿಗೆಯಲ್ಲಿ ಕೂಸು ಕಳೆದುಕೊಂಡ ಒಬ್ಬ ತಾಯಿ ಬಂದಳು. ಎಲ್ಲರೂ ಅವಳಿಗೆ ದೇವರ ಚಿತ್ತ, ತಾಳಿಕೋ ಎಂದೇ ಹೇಳಿದ್ದರು. ಅಕ್ಕೋರು ಅವಳ ತಲೆಯನ್ನು ತಮ್ಮ ತೊಡೆಗೆ ಒತ್ತಿಕೊಂಡು, “ಇವತ್ತ ದೇವರ ಮ್ಯಾಲೆ ಸಿಟ್ಟ ಮಾಡ್ಕೋ, ತಂಗಿ. ಆತ ತಡಕೋತಾನ” ಅಂದರು. ಆಗ ಆ ಹೆಂಗಸು ಮೊದಲ ಸಲ ಬಾಯಿಬಿಟ್ಟು ಅತ್ತಳು. ಚರ್ಚಿನ ಸಭೆಯವರು ಅಕ್ಕೋರಿಗೆ ‘ಧೈರ್ಯದ ಅಕ್ಕೋರು’ ಎಂದೇ ಹೆಸರಿಟ್ಟರು.

ಚರ್ಚಿನ ಹಿಂದಿನ ಬೆಂಚಿನಲ್ಲಿ ಕುಳಿತು ಬಾಯಿ ತೆರೆಯದೆ ಎದ್ದು ಹೋಗುವವಳು ಒಬ್ಬಳಿದ್ದಳು. ಅವಳು ಜಗಲಿಗೆ ಬರಲಿಲ್ಲ. ಬರದವರ ಕಡೆ ಅಕ್ಕೋರ ಮಾತೂ ಹೋಗಲಿಲ್ಲ.

ಅಕ್ಕೋರಿಗೆ ಎಪ್ಪತ್ತೆರಡು ತುಂಬಿದ ವರ್ಷ ಗಂಟಲಲ್ಲಿ ಗಂಟು ಕಾಣಿಸಿತು. ಹುಬ್ಬಳ್ಳಿಯಲ್ಲಿ ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಕೊರಳಿನ ಮುಂದೆ ಉಸಿರಾಡಲು ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಮಗ ಎಬಿನೇಜರ ಗೋಡೆಯ ಮೇಲಿದ್ದ ನನ್ನನ್ನು ಇಳಿಸಿ ತಾಯಿಯ ಮಡಿಲಲ್ಲಿ ಇಟ್ಟ. ನಾನು ಅವರ ಬಾಯಿಯಾದೆ. ಬಂದವರು ಹೊರಗೆ ಹೋಗಿ ಗುಸುಗುಸು ಮಾತಾಡಿಕೊಳ್ಳುತ್ತಿದ್ದರು: ಅಷ್ಟು ಮಂದಿಗೆ ಧೈರ್ಯ ಹೇಳಿದ ಗಂಟಲನ್ನೇ ದೇವರು ಯಾಕೆ ಕಿತ್ತುಕೊಂಡ ಎಂದು. ರೋಗ ಯಾರ ಲೆಕ್ಕವನ್ನೂ ನೋಡಿ ಬರುವುದಿಲ್ಲ ಎಂದಷ್ಟೇ ಕಲ್ಲಿಗೆ ಗೊತ್ತು.

ಹಗಲಿಗೆ ತಾಯಿಯ ಆರೈಕೆಗೆ ಒಬ್ಬರು ಬೇಕೆಂದು ಎಬಿನೇಜರ ಹುಡುಕಿದ. ಸಿಕ್ಕಿದವಳು ಐವತ್ತನಾಲ್ಕು ವರ್ಷದ ವಿಧವೆ, ಸಾರವ್ವ. ಅವಳಿಗೆ ನನ್ನ ಗುರುತು ಸಿಗಲಿಲ್ಲ. ಅಕ್ಕೋರೂ ಅವಳನ್ನು ಹಿಂದಿನ ಬೆಂಚಿನ ಹೆಂಗಸು ಎಂದಷ್ಟೇ ಬಲ್ಲರು, ಆ ಹಳೆಯ ಹುಡುಗಿ ಎಂದು ಗುರುತು ಸಿಗಲಿಲ್ಲ. ನಾನು ಮಾತ್ರ ಆ ಬೆರಳುಗಳನ್ನು ಬಲ್ಲೆ.

ಅವಳು ಅಕ್ಕೋರಿಗೆ ಮೈ ಒರೆಸುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು, ಕೊರಳಿನ ಬಟ್ಟೆ ಬದಲಿಸುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಒಂದು ದಿನ ಅಕ್ಕೋರು ನನ್ನ ಮೇಲೆ ‘ಕಿಟಕಿ ಮುಚ್ಚು’ ಎಂದು ಬರೆದು ತೋರಿಸಿದರು. ಸಾರವ್ವ ನೀರು ತಂದಳು. ಮತ್ತೆ ಬರೆದು ತೋರಿಸಿದರು. ಅವಳು ಹೊದಿಕೆ ತಂದಳು. ಅಕ್ಕೋರಿಗೆ ರೇಗಿತು. ಮೂವತ್ತೆರಡು ವರ್ಷ ಪಾಠ ಹೇಳಿದ ಹೆಂಗಸು. ಅಷ್ಟರಲ್ಲಿ ಎಬಿನೇಜರ ಬಂದ. ಅವಳಿಗೆ ಯಾಕೆ ಓದಲು ಬರುವುದಿಲ್ಲ, ಎಲ್ಲಿಯ ತನಕ ಶಾಲೆಗೆ ಹೋಗಿದ್ದಳು, ಕೇಳು ಎಂದು ಬರೆದರು. ಅವನು ಓದಿ ಕೇಳಿದ.

ಸಾರವ್ವ ಸೆರಗಿನ ತುದಿ ಹಿಡಿದುಕೊಂಡು ನಿಂತಳು. “ಎ... ಎರಡನೇ ಇಯತ್ತ್ಯಾಗ ಬಿಟ್ಟೆರಿ.”

“ಯಾಕ ಬಿಟ್ಟಿ?” ಎಂದ ಎಬಿನೇಜರ.

ಅವಳು ಅವನನ್ನು ನೋಡಲಿಲ್ಲ. ಅಕ್ಕೋರನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟೂ ಇರಲಿಲ್ಲ.

“ನೀವ ಕು... ಕುಂದ್ರು ಅಂದಿದ್ರಿ, ಅಕ್ಕೋರ. ಕುಂತೆ.”

ಅಕ್ಕೋರ ಬಳಪ ನನ್ನ ಮೇಲಿನಿಂದ ಜಾರಿ ಕೆಳಗೆ ಬಿತ್ತು. ಸಾರವ್ವ ಅದನ್ನು ಎತ್ತಿ ಕೊಟ್ಟು, ಗಂಜಿಯ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಆಮೇಲೆ ಎಷ್ಟು ದಿನ ಅಕ್ಕೋರು ನನ್ನ ಮೇಲೆ ಬರೆದರು, ಒರೆಸಿದರು! ತಪ್ಪಾಯಿತು ಎಂದು ಬರೆಯುವರು, ಒರೆಸುವರು. ‘ಆಗ ನಾನು ಚಿಕ್ಕವಳು, ದೊಡ್ಡವರೆಲ್ಲ ಬಂದಿದ್ದರು’ ಎಂದು ಕಾರಣ ಬರೆಯುವರು. ಅದನ್ನು ಅಂಗೈಯಿಂದಲೇ ತಿಕ್ಕಿ ತಿಕ್ಕಿ ಒರೆಸುವರು. ಸಾವಿರ ಜನಕ್ಕೆ ಸಲೀಸಾಗಿ ಒಳ್ಳೆಯ ಮಾತು ಕೊಟ್ಟವರಿಗೆ ಒಬ್ಬಳಿಗೆ ಕೊಡಬೇಕಾದ ಮಾತು ಸಿಗಲಿಲ್ಲ.

ಅದೇ ಸಮಯಕ್ಕೆ ಸಭೆಯವರು ಅಕ್ಕೋರಿಗೆ ಸನ್ಮಾನ ಇಟ್ಟುಕೊಂಡರು. ಕೃತಜ್ಞತಾ ಆರಾಧನೆಯ ಭಾನುವಾರ. ಒಬ್ಬೊಬ್ಬರಾಗಿ ಎದ್ದು ಅಕ್ಕೋರ ಯಾವ ಮಾತು ತಮ್ಮನ್ನು ಹೇಗೆ ಎತ್ತಿ ನಿಲ್ಲಿಸಿತು ಎಂದು ಸಾಕ್ಷಿ ಹೇಳಿದರು. ಹನ್ನೊಂದು ಜನ ಹೇಳಿದರು. ಕೊನೆಗೆ ಅಕ್ಕೋರು ನನ್ನನ್ನು ಮಗನ ಕೈಗೆ ಕೊಟ್ಟು, ಓದು ಎಂದು ಸನ್ನೆ ಮಾಡಿದರು. ಅವನು ಸಭಾಹಿರಿಯ, ಮೈಕಿನ ಮುಂದೆ ಓದಿ ರೂಢಿಯಿದ್ದವ. ನನ್ನ ಮೇಲೆ ಹೀಗೆ ಬರೆದಿತ್ತು:

‘ನನ್ನನ್ನು ಹೊಗಳಬೇಡಿರಿ. ಸಾರವ್ವನ ಬಾಯಿ ಕಟ್ಟಿದವಳು ನಾನು. ಸಾರವ್ವಾ, ಮುಂದೆ ಬಾ. ಸಭೆಯ ಎದುರು ನಿನ್ನ ಕ್ಷಮೆ ಕೇಳುತ್ತೇನೆ.’

ಎಬಿನೇಜರ ಅದನ್ನು ಒಮ್ಮೆ ಮನಸ್ಸಿನಲ್ಲೇ ಓದಿದ. ಅವನ ಬೆರಳು ಬೆವತದ್ದು ನನ್ನ ಚೌಕಟ್ಟಿಗೆ ತಿಳಿಯಿತು. ಆಮೇಲೆ ಗಟ್ಟಿಯಾಗಿ ಓದಿದ:

“ನನ್ನ ಆರೈಕೆ ಮಾಡುತ್ತಿರುವ ಸಾರವ್ವನಿಗೂ ಸಭೆಯ ಎಲ್ಲರಿಗೂ ನನ್ನ ವಂದನೆ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.”

ಚಪ್ಪಾಳೆ ಎದ್ದಿತು. ಅಕ್ಕೋರು ಕುರ್ಚಿಯಿಂದ ಅರ್ಧ ಎದ್ದರು. ಇಲ್ಲ ಎಂದು ಕೈ ಆಡಿಸಿದರು. ಕೊರಳಿನ ತೂತಿನಿಂದ ಗಾಳಿ ಮಾತ್ರ ಬಂತು. ಸನ್ಮಾನ ಬೇಡ ಅನ್ನುವ ದೊಡ್ಡತನ ಎಂದು ಮುಂದಿನ ಸಾಲಿನವರು ಕಣ್ಣು ಒರೆಸಿಕೊಂಡರು. ಎಬಿನೇಜರ ಜೇಬಿನಿಂದ ಕರವಸ್ತ್ರ ತೆಗೆದು ನನ್ನನ್ನು ಚೊಕ್ಕಟವಾಗಿ ಒರೆಸಿಬಿಟ್ಟ.

ಮನೆಗೆ ಬಂದ ಮೇಲೆ ಅವನು ತಾಯಿಯ ಕಾಲ ಹತ್ತಿರ ಕುಳಿತ. ಕೆಟ್ಟವನೇನಲ್ಲ. “ಅವ್ವಾ, ನಲವತ್ತು ವರ್ಷದ ಹೆಸರು ಒಂದ ಮಾತಿಗೆ ಅಳಿಸಿ ಹೋಗತದ. ಖರೇ ಏನಂತ ದೇವರಿಗೆ ಗೊತ್ತದಲ್ಲ. ಸಾಕು ಬಿಡು” ಅಂದ.

ಇನ್ನೂ ಕಹಿಯಾದದ್ದು ಸಂಜೆ ನಡೆಯಿತು. ಸಾರವ್ವ ಬಂದಳು. ಅವಳ ಮುಖ ಅರಳಿತ್ತು. ತನ್ನ ಹೆಸರನ್ನು ಚರ್ಚಿನಲ್ಲಿ ಯಾರಾದರೂ ಗಟ್ಟಿಯಾಗಿ ಹೇಳಿದ್ದು ಮದುವೆ ಆದ ಮೇಲೆ ಇದೇ ಮೊದಲು ಎಂದು ಉಗ್ಗುತ್ತಾ ಉಗ್ಗುತ್ತಾ ಹೇಳಿದಳು. ಅಷ್ಟಕ್ಕೇ ಸಂತೋಷಪಟ್ಟಳು. ಅಕ್ಕೋರು ಗೋಡೆಯ ಕಡೆ ಮುಖ ತಿರುಗಿಸಿದರು.

ಮರುದಿನ ಬೆಳಿಗ್ಗೆ ಅಕ್ಕೋರು ಸಾರವ್ವನನ್ನು ಕೈ ಹಿಡಿದು ಹಾಸಿಗೆಯ ಅಂಚಿಗೆ ಕೂರಿಸಿಕೊಂಡರು. ನನ್ನ ಮೇಲೆ ದೊಡ್ಡದಾಗಿ ಒಂದು ‘ಅ’ ಬರೆದರು. ಅವಳ ಬೆರಳು ಹಿಡಿದು ಅದರ ಮೇಲೆ ತಿದ್ದಿಸಿದರು. ಸಾರವ್ವ ಕೈ ಎಳೆದುಕೊಂಡಳು, ನಾಚಿಕೊಂಡಳು, ಈ ವಯಸ್ಸಿಗೆ ಯಾಕೆ ಎಂದಳು. ಅಕ್ಕೋರು ಬಿಡಲಿಲ್ಲ. ಬೇರೆಯವರ ಬಾಯಿ ನಂಬಿ ಒಮ್ಮೆ ಕೆಟ್ಟಿದ್ದರು. ಈ ಸಲ ನಡುವೆ ಯಾರೂ ಇರಬಾರದಿತ್ತು.

ದಿನಕ್ಕೆ ಮೂರು ಅಕ್ಷರ. ಅಕ್ಕೋರು ತುಟಿಯನ್ನಷ್ಟೇ ಅಲುಗಿಸಿ ಉಚ್ಚಾರ ತೋರಿಸುವರು, ಸಾರವ್ವ ನೋಡಿ ದನಿ ಕೊಡುವಳು. ಉಗ್ಗಿದರೆ ಅಕ್ಕೋರು ಕಾಯುವರು. ಅಷ್ಟು ತಾಳ್ಮೆಯಿಂದ ಅವರು ಕಾದದ್ದನ್ನು ನಾನು ಶಾಲೆಯಲ್ಲಿ ಕಂಡಿರಲಿಲ್ಲ. ಎರಡು ತಿಂಗಳಲ್ಲಿ ಅಕ್ಷರ ಮುಗಿದು ಕಾಗುಣಿತಕ್ಕೆ ಬಂದರು. ಹಳೆಯದೆಲ್ಲ ಅವಳ ಬೆರಳಿನಲ್ಲಿ ಎಲ್ಲೋ ಉಳಿದಿತ್ತು, ಬೇಗ ಬೇಗ ಹಿಂದಿರುಗಿ ಬಂತು.

ಆದರೆ ಗಂಟು ಕೂಡ ಹಿಂದಿರುಗಿ ಬಂತು. ಈ ಸಲ ಎದೆಗೆ ಇಳಿದಿತ್ತು. ಇನ್ನು ಕೊಯ್ಯುವುದಿಲ್ಲ ಎಂದರು ಡಾಕ್ಟರು. ಒತ್ತಕ್ಷರ ಕಲಿಸುವಷ್ಟು ದಿನ ಉಳಿದಿಲ್ಲವೆಂದು ಅಕ್ಕೋರಿಗೆ ಗೊತ್ತಾಯಿತು. ಕ್ಷಮೆ ಎನ್ನಲು ಒತ್ತು ಬೇಕು. ತಪ್ಪು ಎನ್ನಲು ಒತ್ತು ಬೇಕು. ಒಂದಿಡೀ ಮಧ್ಯಾಹ್ನ ಬಳಪ ಹಿಡಿದು ಕುಳಿತು, ಸಾರವ್ವನಿಗೆ ಬರುವ ಅಕ್ಷರಗಳಲ್ಲೇ ಹೇಳಬಹುದಾದ ಮಾತು ಯಾವುದೆಂದು ಹುಡುಕಿದರು. ಕೊನೆಗೆ ನಾಲ್ಕು ಪದ ಬರೆದು ನನ್ನನ್ನು ಅವಳ ಕೈಗಿತ್ತರು.

ಸಾರವ್ವ ಒಂದೊಂದೇ ಅಕ್ಷರಕ್ಕೆ ಬೆರಳು ಇಟ್ಟಳು.

“ಸಾ... ರಾ. ಮಾ... ತಾ... ಡು. ನಾ... ನು ಕೇ... ಕೇ... ಳು... ವೆ.”

ಮತ್ತೊಮ್ಮೆ ಓದಿದಳು. ಅಳುತ್ತಾಳೆ, ಅಕ್ಕೋರ ಕೈ ಹಿಡಿಯುತ್ತಾಳೆ ಎಂದು ನಾನು ಅಂದುಕೊಂಡೆ. ಹಾಗೆ ಆಗಲಿಲ್ಲ. ಅವಳು ಮಾತಾಡಿದಳು.

ತನಗೊಬ್ಬಳು ಮಗಳಿದ್ದಳು, ರಿಬೆಕಾ ಎಂದು ಹೆಸರು, ಎಂದು ಶುರುಮಾಡಿದಳು. ಗಂಡ ಒಂದು ಸಂಬಂಧ ತಂದ. ಆ ಹುಡುಗ ತನ್ನ ತಾಯಿಯನ್ನೇ ಬಾಗಿಲಲ್ಲಿ ಕೆಡವಿ ಬಡಿಯುವುದನ್ನು ಸಾರವ್ವ ಕಣ್ಣಾರೆ ಕಂಡಿದ್ದಳು. ಮನೆಯಲ್ಲಿ ಹೇಳಲು ಹೋದರೆ ಅವಳ ಉಗ್ಗು ಮುಗಿಯುವ ತನಕ ಯಾರೂ ಕಾಯಲಿಲ್ಲ. ಚರ್ಚಿನಲ್ಲಿ ಮೂರು ಭಾನುವಾರ ಮದುವೆಯ ಪ್ರಕಟಣೆ ಓದಿದರು. ಅಡ್ಡಿ ಇದ್ದವರು ಹೇಳಬಹುದು ಎಂದು ಮೂರು ಸಲವೂ ಕೇಳಿದರು. ಇದನ್ನೆಲ್ಲ ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅಕ್ಕೋರು ಕಣ್ಣು ಮಿಟುಕಿಸಲಿಲ್ಲ.

“ಮೂರನೇ ವಾರ ಏ... ಏಳಾಕ ಹೋದೆರಿ. ಮುಂದಿನ ಸಾಲಿನ್ಯಾಗ ನಿಮ್ಮ ತ... ತಲಿ ಕಂಡತು. ಕಾಲು ಏಳಲಿಲ್ಲ. ಹದಿನಾಲ್ಕ ತಿಂಗಳಿಗೆ ನನ ಮಗಳು ಬಾವಿಗೆ ಬಿದ್ಲರಿ.”

ಆ ಮಗಳ ಮಣ್ಣಿಗೆ ಅಕ್ಕೋರೂ ಬಂದಿದ್ದರು, ಅಲ್ಲಿ ನಿಂತು ಪ್ರಾರ್ಥನೆ ಮಾಡಿದ್ದರು, ಎಲ್ಲರೂ ಮೆಚ್ಚಿದ್ದರು.

“ಈಗ ಮಾತಾಡು ಅಂತೀರಿ. ಈ... ಈಗ ಯಾರಿಗೆ ಮಾತಾಡ್ಲಿ?” ಎಂದಳು ಸಾರವ್ವ. ದನಿ ಏರಲಿಲ್ಲ. ಆಮೇಲೆ ಎದ್ದು, ಗಂಜಿಗೆ ಹೊತ್ತಾಯಿತೆಂದು ಒಳಗೆ ಹೋದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಆ ದಿನವೂ ಹೇಳಲಿಲ್ಲ, ಆಮೇಲಿನ ಹದಿನೆಂಟು ದಿನದಲ್ಲಿ ಯಾವ ದಿನವೂ ಹೇಳಲಿಲ್ಲ. ಮೈ ಒರೆಸಿದಳು, ಗಂಜಿ ಕುಡಿಸಿದಳು, ಕೊನೆಯ ದಿನ ಕಣ್ಣು ಮುಚ್ಚಿಸಿದವಳೂ ಅವಳೇ. ಅಕ್ಕೋರು ಮತ್ತೆ ನನ್ನ ಮೇಲೆ ಏನೂ ಬರೆಯಲಿಲ್ಲ.

ಮಣ್ಣಾದ ಮೇಲೆ ಎಬಿನೇಜರ ನನ್ನನ್ನು ಪೇಂಟರನ ಅಂಗಡಿಗೆ ಒಯ್ದ. ಸನ್ಮಾನದ ದಿನ ತಾನು ಓದಿದ ಮಾತನ್ನು, ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ ಎಂಬುದನ್ನು, ಬಿಳಿ ಎಣ್ಣೆಬಣ್ಣದಲ್ಲಿ ನನ್ನ ಮೇಲೆ ಬರೆಸಿದ. ಕೆಳಗೆ ‘ಧೈರ್ಯದ ಅಕ್ಕೋರ ಕೊನೆಯ ಮಾತು’ ಎಂದು ಸೇರಿಸಿದ. ಗಾಜಿನ ಪೆಟ್ಟಿಗೆ ಮಾಡಿಸಿ ಚರ್ಚಿನ ಬಾಗಿಲ ಪಕ್ಕದ ಗೋಡೆಗೆ ಹಾಕಿಸಿದ. ಪಾಸ್ಟರು ಪ್ರಸಂಗದಲ್ಲಿ ನನ್ನ ಕಡೆ ಕೈ ತೋರಿಸುತ್ತಾರೆ. ನಮ್ಮ ಮಾತು ಬಿದ್ದವರನ್ನು ಎತ್ತಬೇಕು, ಸಭೆಯನ್ನು ಕಟ್ಟಬೇಕು ಎನ್ನುತ್ತಾರೆ. ಖರೇ ಮಾತೇ. ಬಂದ ನೆಂಟರೆಲ್ಲ ನನ್ನ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಹಿಂದಿನ ಬೆಂಚು ನನ್ನ ಪಕ್ಕದಲ್ಲೇ ಇದೆ. ಸಾರವ್ವ ನನ್ನತ್ತ ತಿರುಗಿಯೂ ನೋಡುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ ಪಾಸ್ಟರು ಗ್ರೇಸಿ ಎಂಬ ಹುಡುಗಿಯ ಮದುವೆಯ ಪ್ರಕಟಣೆ ಓದಿದರು. ಅಡ್ಡಿ ಇದ್ದವರು ಹೇಳಬಹುದು ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಾಳೆ ತಿರುವಿದರು. ಸಾರವ್ವ ಎದ್ದು ನಿಂತಳು. ಎಬಿನೇಜರ ಮುಂದಿನ ಸಾಲಿನಿಂದ ತಿರುಗಿ, ಆರಾಧನೆ ಮುಗಿಯಲಿ, ಆಮೇಲೆ ಮಾತಾಡೋಣ ಎಂದ.

“ಈ... ಈಗರಿ” ಎಂದಳು ಸಾರವ್ವ.

ಆ ಹುಡುಗ ಎಷ್ಟು ಕುಡಿಯುತ್ತಾನೆ, ಕುಡಿದಾಗ ಅವನ ಅಣ್ಣನ ಹೆಂಡತಿಯ ಕೈ ಹೇಗೆ ಮುರಿಯಿತು ಎಂಬುದನ್ನು ಅವಳು ಹೇಳಿದಳು. ಒಂದು ಕೀರ್ತನೆ ಹಾಡಿ ಮುಗಿಸುವಷ್ಟು ಹೊತ್ತು ಹಿಡಿಯಿತು. ಹುಡುಗರ ಸಾಲಿನಲ್ಲಿ ಯಾರೋ ನಕ್ಕರು. ಕೆಲವರು ತಲೆ ತಗ್ಗಿಸಿದರು. ಅವಳು ಪೂರ್ತಿ ಹೇಳಿ ಮುಗಿಸಿದಳು. ವಿಚಾರಿಸುತ್ತೇವೆ ಎಂದರು ಪಾಸ್ಟರು.

ವಿಚಾರಿಸುವುದರೊಳಗೆ ಹುಡುಗಿಯ ಮನೆಯವರು ಮದುವೆಯನ್ನು ಬೇರೆ ಊರಿಗೆ ಒಯ್ದು ಮಾಡಿ ಮುಗಿಸಿದರು. ಈಗ ಸಭೆಯ ಹೆಂಗಸರು ಸಾರವ್ವನ ಪಕ್ಕ ಕೂರುವುದಿಲ್ಲ. ತನ್ನ ಮಗಳ ಬಾಳು ಹಾಳಾಯಿತೆಂದು ಮಂದಿಯ ಮಕ್ಕಳ ಮೇಲೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಮದುವೆಗೆ ಮುಂಚಿನ ಭಾನುವಾರ ಗ್ರೇಸಿ ಬಾಗಿಲು ದಾಟುವಾಗ ಒಂದು ಗಳಿಗೆ ಹಿಂದಿನ ಬೆಂಚಿನ ಹತ್ತಿರ ನಿಂತಿದ್ದಳು. ಏನೋ ಕೇಳುವವಳಿದ್ದಳು. ಅವಳ ತಾಯಿ ತೋಳು ಹಿಡಿದು ಎಳೆದುಕೊಂಡು ಹೋದಳು.

ನಾನೀಗ ಮುದಿಯಾಗಿದ್ದೇನೆ. ನನ್ನನ್ನು ಯಾರೂ ಒಡೆಯುವುದಿಲ್ಲ, ದಿನಾ ಗಾಜು ಒರೆಸುತ್ತಾರೆ. ಆದರೂ ಆ ಗ್ರೇಸಿ ಕೇಳಬೇಕೆಂದಿದ್ದ ಮಾತು ಯಾವುದಿತ್ತೋ ಎಂದು ಯೋಚಿಸುತ್ತೇನೆ. ಬರೆದು ಕೊಡಲು ಅವಳಿಗೆ ಏನಾದರೂ ಸಿಕ್ಕಿದ್ದರೆ ಬರೆಯುತ್ತಿದ್ದಳೇನೋ. ಪಕ್ಕದಲ್ಲೇ ಒಂದು ಪಾಟಿ ಇತ್ತು. ಆದರೆ ಮಾತು ಹುಟ್ಟಲು ಒರೆಸಿದ ಜಾಗ ಬೇಕು. ನನ್ನ ಮೇಲೆ ಅಂಗೈಯಗಲ ಜಾಗವನ್ನೂ ಅವರು ಉಳಿಸಿಲ್ಲ.